ಪಕ್ಕದ ಮನೆಯ ಕೊಂಬೆ ನಿಮ್ಮ ಚಾವಣಿ ಮೇಲೆ

ಪಕ್ಕದವರ ಮರದ ಎಲೆ ಬಿದ್ದು ಚಾವಣಿಯ ನೀರಿನ ಪೈಪು ಕಟ್ಟುತ್ತಿದೆ, ಅವರು ಇಲ್ಲದಾಗ ಕೊಂಬೆ ಕಡಿದುಬಿಡಲಾ ಎಂದು ಕೇಳಿದ್ದೀರಿ. ಬೇಡ. ಮೊದಲು ಅವರನ್ನೇ ಕರೆದು ತೋರಿಸಿ. ಅವರ ಕಡೆಯಿಂದ ನೋಡಿದರೆ ಅದು ಬರೀ ನೆರಳು ಕೊಡುವ ಮರ. ನಿಮ್ಮ ಚಾವಣಿ ಅವರಿಗೆ ಕಾಣುವುದೇ ಇಲ್ಲ, ಅಲ್ವಾ? ನಾನೂ ಎರಡು ವರ್ಷ ಸುಮ್ನೆ ಒಳಗೊಳಗೇ ಕುದ್ದೆ. ಬಾಯಿಬಿಟ್ಟು ಹೇಳಿದ ಮರುವಾರವೇ ಕೆಲಸ ಮುಗಿಯಿತು!

ಗಡಿ ದಾಟಿ ಬಂದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸಲು ಬಹಳ ಕಡೆ ಅವಕಾಶವಿದೆ. ಆದರೆ ಮರ ಮುಟ್ಟಲು ಅನುಮತಿ ಬೇಕೆನ್ನುವ ಊರುಗಳೂ ಇವೆ, ವಿಚಾರಿಸಿಕೊಳ್ಳಿ.

ಅವರ ಒಪ್ಪಿಗೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಕೊಂಬೆಯನ್ನು ಗಡಿಯಲ್ಲಿ ಅರ್ಧಕ್ಕೆ ತುಂಡರಿಸಿದರೆ ಆ ತುದಿಯಿಂದ ಗೊಂಚಲು ಗೊಂಚಲಾಗಿ ಚಿಗುರು ಬರುತ್ತದೆ. ಅದರ ಹಿಡಿತ ಗಟ್ಟಿ ಇರುವುದಿಲ್ಲ, ಗಾಳಿಗೆ ಮುರಿದು ಬೀಳುವುದು ನಿಮ್ಮ ಚಾವಣಿಗೇ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿರುತ್ತದೆ ನೋಡಿ, ಆ ಉಬ್ಬನ್ನು ಉಳಿಸಿ ಅದರ ಹೊರಗೆ ಕತ್ತರಿಸಿದರೆ ಗಾಯ ಬೇಗ ಮುಚ್ಚಿಕೊಳ್ಳುತ್ತದೆ. ಆ ಜಾಗ ಇರುವುದು ಅವರ ಅಂಗಳದಲ್ಲಿ.

ದಪ್ಪ ಕೊಂಬೆಯಾದರೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಇಲ್ಲದಿದ್ದರೆ ಭಾರಕ್ಕೆ ಜಗ್ಗಿ ಕಾಂಡದ ತೊಗಟೆಯೂ ಸೀಳುತ್ತದೆ. ಹಕ್ಕಿಗೂಡು ಇದ್ದರೆ ಮರಿ ಹಾರುವ ತನಕ ಕಾಯಿರಿ. ಕರೆಂಟು ತಂತಿ ಹತ್ತಿರವಿದ್ದರೆ ಮಾತ್ರ ನೀವು ಕೈ ಹಾಕಲೇಬೇಡಿ.