ಮರ ಕೊರೆಯುವ ಹುಳದಿಂದ ಗವರ್ನರ್ ಗದ್ದುಗೆಗೆ

ಪ್ರಶ್ನೆ: ಕಡಲ ಜೀವಶಾಸ್ತ್ರ ಕಲಿಸುತ್ತಿದ್ದವರು ರಾಜ್ಯವೊಂದರ ಚುಕ್ಕಾಣಿ ಹಿಡಿದದ್ದುಂಟೇ?
– ಓದುಗರೊಬ್ಬರು, ಕಾರವಾರ

ಉತ್ತರ: ಉಂಟು. ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿರುವ ವಾಷಿಂಗ್ಟನ್ ರಾಜ್ಯದ ಡಿಕ್ಸಿ ಲೀ ರೇ ಅಂಥವರು. ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಅವರು 1945ರಿಂದ ಮೂರು ದಶಕ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದರು. ಅವರ ಹೆಸರಿಗೆ ತೂಕ ತಂದದ್ದು ಲಿಮ್ನೋರಿಯಾ ಎಂಬ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಜೀವಿ. ಬಂದರುಕಟ್ಟೆಯ ಮರದ ಕಂಬಗಳನ್ನು ಕೊರೆದು ಟೊಳ್ಳು ಮಾಡುವ ಈ ಜೀವಿಯ ದೇಹದಲ್ಲಿ ಮರದ ನಾರನ್ನು ಕರಗಿಸುವ ಸೆಲ್ಯುಲೇಸ್ ಕಿಣ್ವವಿರುವುದನ್ನು ಅವರು ಸಹೋದ್ಯೋಗಿಯೊಡನೆ 1952ರಲ್ಲಿ ವರದಿ ಮಾಡಿದರು.

1973ರಲ್ಲಿ ಕೇಂದ್ರದ ಅಣುಶಕ್ತಿ ಆಯೋಗದ ಅಧ್ಯಕ್ಷೆಯಾದ ಅವರು, 1976ರ ಚುನಾವಣೆಯಲ್ಲಿ ಗೆದ್ದು ಆ ರಾಜ್ಯದ ಮೊದಲ ಮಹಿಳಾ ಗವರ್ನರ್ ಆದರು. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಲ್ಲ, ಮುಖ್ಯಮಂತ್ರಿಗೆ ಹತ್ತಿರದ ಹುದ್ದೆ.

ಕಡಲನ್ನು ಬಲ್ಲವರು ಪರಿಸರವಾದಿಗಳ ಪರ ನಿಲ್ಲುತ್ತಾರೆಂಬ ಎಣಿಕೆ ಇಲ್ಲಿ ತಲೆಕೆಳಗಾಯಿತು. ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿಗೆ ಬೃಹತ್ ತೈಲನೌಕೆಗಳು ಬರಲೆಂದು ಅವರು ವಾದಿಸಿದರು. 1977ರಲ್ಲಿ ಅದನ್ನು ತಡೆದದ್ದು ಅವರದೇ ಪಕ್ಷದ ಸೆನೆಟರ್ ವಾರೆನ್ ಮ್ಯಾಗ್ನಸನ್. ರೇ ಅವರ ಈ ನಿಲುವು ನನಗಂತೂ ಒಪ್ಪಿಗೆಯಾಗದು. ಆದರೆ 1980ರಲ್ಲಿ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಕುದಿಯತೊಡಗಿದಾಗ, ಮೇ 18ರ ಮಹಾಸ್ಫೋಟಕ್ಕೆ ಮೊದಲೇ ತುರ್ತುಸ್ಥಿತಿ ಸಾರಿ, ಪರ್ವತದ ಸುತ್ತ ಪ್ರವೇಶ ನಿರ್ಬಂಧಿಸಿದ ಆಜ್ಞೆಯೂ ಅವರದೇ. ಅದೇ ವರ್ಷ ಅವರು ಸ್ವಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಸೋತರು.