ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಮುನ್ನ ಯಾವ ಮರ, ಹಕ್ಕಿಗಳ ಹೆಸರು ಕಲಿಸಬೇಕು?

12 ವರ್ಷದ 20 ಮಕ್ಕಳು, 8 ಕಿಲೋಮೀಟರ್ ನಡಿಗೆ, ಹೊರಡುವ ಮೊದಲು ಯಾವ ಹೆಸರುಗಳನ್ನು ಬಾಯಿಪಾಠ ಮಾಡಿಸಲಿ ಅಂತ ಕೇಳಿದ್ದೀರಿ. ಈ ಕೆಲಸ ಶುರುಮಾಡಿದಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಈಗ ಕೇಳಿದರೆ, ಪಟ್ಟಿಯೇ ಬೇಡ ಅನ್ನುತ್ತೇನೆ. ಮೊದಲು ಆ 8 ಕಿಲೋಮೀಟರನ್ನು 2ಕ್ಕೆ ಇಳಿಸಿ.

ಇಂಥ ನಡಿಗೆ ಕೆಡುವುದೇ ದೂರದಿಂದ. ಗುರಿ ಮುಟ್ಟುವ ಅವಸರ ಬಿತ್ತೆಂದರೆ ಮಕ್ಕಳಿಗೆ ಕಾಣುವುದು ಮುಂದಿನವರ ಹಿಮ್ಮಡಿ ಮಾತ್ರ. ನಿಧಾನದವರು ಹಿಂದೆ ಬೀಳುತ್ತಾರೆ, ಗುಂಪನ್ನು ಸೇರಿಕೊಳ್ಳಲು ಗುಡ್ಡದ ತಿರುವುಗಳಲ್ಲಿ ಅಡ್ಡ ಹಾಯುತ್ತಾರೆ. ತುಳಿದ ಕಡೆ ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಮಳೆನೀರು ಇಂಗದೆ ಅದೇ ಗೆರೆಯಲ್ಲಿ ನೇರ ಇಳಿದು ಕೊರಕಲು ಮಾಡುತ್ತದೆ. ಆಮೇಲೆ ಬಂದವರು ಅದನ್ನೇ ದಾರಿ ಅಂದುಕೊಳ್ಳುತ್ತಾರೆ. ದಣಿದು ಹಸಿದ ಮಗುವಿನ ಕೈಯಿಂದ ಚಾಕಲೇಟ್ ಕಾಗದ ಜಾರುವುದೂ ಆಗಲೇ. ತಿಳಿವಳಿಕೆ ಕಡಿಮೆಯಾಗಿ ಅಲ್ಲ. ಹಾಗಾಗಿ 10 ಜನರ ಎರಡು ಗುಂಪು ಮಾಡಿ, ಬೇರೆಬೇರೆ ಹೊತ್ತಿಗೆ ಹೊರಡಿಸಿ. ಪ್ರತಿ ಗುಂಪಿಗೂ ಮುಂದೊಬ್ಬರು, ಕೊನೆಯಲ್ಲೊಬ್ಬರು ದೊಡ್ಡವರು ಇರಲಿ. ಎಲ್ಲರಿಗಿಂತ ನಿಧಾನದ ಮಗು ಮುಂದಿನವರ ಬೆನ್ನಿಗೇ ಇರಲಿ. ಕೆಸರು ಬಂದರೆ ನಡುವೆಯೇ ನಡೆಯಿರಿ. ಬದಿಗೆ ಸರಿದಷ್ಟೂ ದಾರಿ ಅಗಲವಾಗುತ್ತದೆ.

ಉಳಿದ ಹೊತ್ತನ್ನು ಒಂದು ಕಲ್ಲಿಗೆ ಕೊಡಿ. ಅಂಗೈಯಗಲದ್ದು ಸಾಕು. ಅಡಿಗೆ ಬೆರಳು ತೂರಿಸಬೇಡಿ. ಮಕ್ಕಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು, ಆಚೆಯ ಅಂಚನ್ನು ಕೋಲಿನಿಂದ ಮೀಟಿ ನಿಮ್ಮ ಕಡೆಗೆ ಎತ್ತಿ. ಚೇಳೋ ಹಾವೋ ಇದ್ದರೆ ಕಲ್ಲೇ ಅಡ್ಡವಾಗಿ, ಅದು ಆಚೆಗೆ ಹೋಗುತ್ತದೆ. ಇರುವೆಗೂಡಿದ್ದರೆ ಬಿಳಿ ಮರಿಗಳನ್ನು ಕಚ್ಚಿಕೊಂಡು ಇರುವೆಗಳು ಒಳಕ್ಕೆ ಓಡುವುದು ಕಾಣುತ್ತದೆ. ಅಲ್ಲಿನ ಕತ್ತಲೆ, ತೇವವೇ ಅವುಗಳ ಮನೆ. ಒಂದೆರಡು ನಿಮಿಷ ನೋಡಿ, ಹುಳುಗಳು ಬದಿಗೆ ಸರಿದ ಮೇಲೆ ಕಲ್ಲನ್ನು ಅದೇ ಗುಳಿಗೆ, ಅದೇ ಮಗ್ಗುಲಿಗೆ ನಿಧಾನ ಇಳಿಸಿ. ಅವು ಅಂಚಿನಿಂದ ತಾವೇ ಒಳಸೇರುತ್ತವೆ. ‘ಕಾಡನ್ನು ಉಳಿಸಿ’ ಅಂತ ನೂರು ಸಲ ಹೇಳುವುದಕ್ಕಿಂತ ಈ ಒಂದು ಕಲ್ಲನ್ನು ಮರಳಿ ಇಡುವುದು ದೊಡ್ಡ ಪಾಠ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಆಮೇಲೆ ಒಬ್ಬೊಬ್ಬರನ್ನೂ ಹತ್ತು ಹೆಜ್ಜೆ ದೂರದಲ್ಲಿ, ನಿಮ್ಮ ಕಣ್ಣಳತೆಯಲ್ಲೇ, 15 ನಿಮಿಷ ಸುಮ್ಮನೆ ಕೂರಿಸಿ. ನಿಮ್ಮ ಸದ್ದಿಗೆ ಬಾಯಿ ಮುಚ್ಚಿದ್ದ ಹಕ್ಕಿಗಳು ಮತ್ತೆ ಕೂಗತೊಡಗುತ್ತವೆ. ‘ಆ ಕೂಗು ಯಾವುದು?’ ಅಂತ ಮಗುವೇ ಕೇಳಿದಾಗ ಹೆಸರು ಹೇಳಿ, ಆಗ ಅದು ನೆನಪಿನಲ್ಲಿ ನಿಲ್ಲುತ್ತದೆ. ಪ್ರಾಣಿ ಕಂಡರೆ ಕೈ ಚಾಚಿ, ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಎತ್ತಿಸಿ. ಬೆರಳ ಹಿಂದೆ ಅದು ಪೂರ್ತಿ ಮರೆಯಾಗದಿದ್ದರೆ ಹಿಂದೆ ಸರಿಯಿರಿ.

ಯಾರೂ ಹೇಳಿಕೊಡದ ವಿಷಯ ಶೌಚದ್ದು. ನಾಚಿಕೆಯಿಂದ ಮಕ್ಕಳು ನೀರನ್ನೇ ಕುಡಿಯುವುದಿಲ್ಲ, ಬಿಸಿಲಿಗೆ ಸುಸ್ತಾಗುತ್ತಾರೆ. ಹೊರಡುವ ಮೊದಲೇ ಬಿಚ್ಚಿ ಹೇಳಿ: ಹಳ್ಳ, ದಾರಿ ಎರಡರಿಂದಲೂ 60 ಮೀಟರ್ ದೂರ, ಅಂದರೆ ದೊಡ್ಡವರ ಹೆಜ್ಜೆಯಲ್ಲಿ ಸುಮಾರು 80. ಅಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕು. ಬಳಸಿದ ಪ್ಯಾಡ್ ಹೂಳುವಂತಿಲ್ಲ, ಪ್ರಾಣಿಗಳು ಅಗೆದು ತೆಗೆಯುತ್ತವೆ. ಅದಕ್ಕೆ ಹೆಣ್ಣುಮಕ್ಕಳಿಗೆ ಒಳಗೆ ಕಾಣದ ಕವರ್ ಕೊಟ್ಟಿರಿ. ಕೈ ತೊಳೆಯುವ ನೀರನ್ನೂ ಹಳ್ಳದಿಂದ ಅಷ್ಟೇ ದೂರ ಚೆಲ್ಲಿ. ಯಾವ ಸೋಪಾದರೂ ಹರಿಯುವ ನೀರಿಗೆ ಬೀಳಬಾರದು.

ಹಣ್ಣಿನ ಸಿಪ್ಪೆಯೂ ಚೀಲದಲ್ಲೇ ವಾಪಸ್ ಬರಲಿ, ಅದರ ರುಚಿ ಹತ್ತಿದ ಪ್ರಾಣಿ ದಾರಿ ಕಾಯತೊಡಗುತ್ತದೆ. ಪ್ರತಿ ಮಗುವಿನ ಕುತ್ತಿಗೆಗೂ ಒಂದು ಸೀಟಿ ಹಾಕಿ: ದಾರಿ ತಪ್ಪಿದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು, ಹುಡುಕುತ್ತಾ ಅಲೆಯಬಾರದು. ಹೊರಡುವ ಜಾಗದಲ್ಲೇ ಒಮ್ಮೆ ಊದಿಸಿ ನೋಡಿಕೊಳ್ಳಿ.