ರಾಜೀನಾಮೆ ಪತ್ರ ಹರಿಯಬೇಡಿ, ಕಳಿಸಲೂ ಬೇಡಿ

ಪರದೇಶಕ್ಕೆ ಬಂದು ಎಂಟು ತಿಂಗಳಾಯಿತು, ಕೆಲಸ ಮುಗಿಸಿ ಬಂದರೆ ಸಿನಿಮಾ ಬಿಟ್ಟು ಬೇರೇನೂ ಬೇಡ ಅನಿಸುತ್ತದೆ, ಮೊನ್ನೆ ಒಂದು ಸಿನಿಮಾ ನೋಡಿದ ರಾತ್ರಿಯೇ ರಾಜೀನಾಮೆ ಪತ್ರ ಬರೆದಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಇಷ್ಟೊಂದು ಸಿನಿಮಾ ನೋಡುವುದು ತಪ್ಪೇ, ಬೇರೆ ವೃತ್ತಿಗೆ ಹೋಗಲು ಬಂದಿರುವ ಈ ಧೈರ್ಯವನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ. ಸಿನಿಮಾ ಧಾರಾಳವಾಗಿ ನೋಡಿ. ಪತ್ರವನ್ನು ಮಾತ್ರ ಸದ್ಯಕ್ಕೆ ಕಳಿಸಬೇಡಿ. ಹಾಗಂತ ಹರಿದೂ ಹಾಕಬೇಡಿ, ಅದರಲ್ಲಿ ನಿಮಗೆ ಬೇಕಾದ ಮಾಹಿತಿ ಇದೆ.

ಮೊದಲು ಸಿನಿಮಾ ವಿಷಯ. ದಿನವಿಡೀ ಪರಭಾಷೆಯಲ್ಲಿ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಮನಸ್ಸಿನಲ್ಲೇ ವಾಕ್ಯ ಜೋಡಿಸಿ ಉತ್ತರಿಸುವುದು ಸಂಬಳವಿಲ್ಲದ ಇನ್ನೊಂದು ಕೆಲಸ. ಸಂಜೆ ನಮ್ಮ ಭಾಷೆಯ ಸಿನಿಮಾ ಹಾಕಿದಾಗ ಆ ಕೆಲಸ ನಿಲ್ಲುತ್ತದೆ. ಹತ್ತು ಸಲ ನೋಡಿದ ಸಿನಿಮಾವೇ ಹೆಚ್ಚು ಹಿತ, ಏಕೆಂದರೆ ಮುಂದೇನಾಗುತ್ತದೆ ಎಂದು ಗೊತ್ತಿದೆ. ನಾಳೆ ಏನಾಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಅದು ಸಣ್ಣ ಸಮಾಧಾನವಲ್ಲ. ಸೋಮಾರಿತನ ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ತೊಂದರೆಯಾಗುವುದು ಹೊತ್ತಿನಿಂದ. ರಾತ್ರಿ 9.30ಕ್ಕೆ ಹಾಕಿದ ಎರಡೂವರೆ ಗಂಟೆಯ ಸಿನಿಮಾ ಮುಗಿಯುವಾಗ ಹನ್ನೆರಡು, ನಿದ್ದೆ ಹತ್ತುವಾಗ ಒಂದು. ವಾರವಿಡೀ ಹೀಗಾದರೆ ಶುಕ್ರವಾರದ ಹೊತ್ತಿಗೆ ಈ ಕೆಲಸವೇ ಸಾಕು ಅನಿಸುತ್ತದೆ. ಆ ಬೇಸರ ಕೆಲಸದ್ದೋ ನಿದ್ದೆಗೆಟ್ಟಿದ್ದರದ್ದೋ ಎಂದು ಬೇರ್ಪಡಿಸಿ ನೋಡಲು ಆಗುವುದಿಲ್ಲ. ನಮ್ಮ ಸಿನಿಮಾಗಳಲ್ಲಿ ಮಧ್ಯಂತರ ಇರುತ್ತದಲ್ಲ, ಕೆಲಸದ ದಿನಗಳಲ್ಲಿ ಅಲ್ಲಿಯವರೆಗೆ ಮಾತ್ರ ನೋಡಿ, ಮಿಕ್ಕಿದ್ದು ಮರುದಿನಕ್ಕೆ. ಕಥೆಯನ್ನೇ ಅಲ್ಲಿ ನಿಲ್ಲಲು ಕಟ್ಟಿರುವುದರಿಂದ ಬಿಟ್ಟು ಏಳುವುದು ಅಷ್ಟು ಕಷ್ಟವಾಗುವುದಿಲ್ಲ. ಸರಣಿಗಳಿಗೆ ಈ ಅನುಕೂಲವಿಲ್ಲ. ಅವಕ್ಕೆ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ, ಮುಂದಿನ ಕಂತು ತಾನಾಗಿ ಶುರುವಾಗುವ ಆಟೋಪ್ಲೇ ಆಫ್ ಮಾಡಿಡಿ.

ಒಂಟಿಯಾಗಿ ನೋಡುವುದರಲ್ಲಿ ಅರ್ಧವನ್ನಾದರೂ ಜೊತೆಯಲ್ಲಿ ನೋಡುವಂತೆ ಮಾಡಿಕೊಳ್ಳಿ. ಊರಿನಲ್ಲಿರುವ ಅಕ್ಕನೋ ಗೆಳೆಯನೋ ಫೋನ್ ಸ್ಪೀಕರ್‌ನಲ್ಲಿದ್ದು, ಒಂದು ಎರಡು ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಪ್ಲೇ ಒತ್ತಿದರೆ ಸಾಕು. ಇಬ್ಬರ ಬಳಿಯೂ ಒಂದೇ ಆವೃತ್ತಿ ಇರಬೇಕು, ಟಿವಿಗೆಂದು ಕತ್ತರಿಸಿದ್ದಾದರೆ ಹತ್ತು ನಿಮಿಷದಲ್ಲಿ ತಾಳ ತಪ್ಪುತ್ತದೆ. ಅವರ ಕಡೆಯಿಂದ ನಗು ಮೊದಲೇ ಕೇಳಿಸಿತೆಂದರೆ ನೀವು ಹಿಂದಿದ್ದೀರಿ ಎಂದರ್ಥ, ಅವರಿಗೆ ಐದು ಸೆಕೆಂಡ್ ನಿಲ್ಲಿಸಲು ಹೇಳಿ. ಪ್ರಸಾರದ ಹಕ್ಕನ್ನು ದೇಶವಾರು ಮಾರುವುದರಿಂದ ಅಲ್ಲಿ ಸಿಗುವ ಸಿನಿಮಾ ನಿಮ್ಮಲ್ಲಿ ಸಿಗದಿರಬಹುದು, ಹಿಂದಿನ ದಿನವೇ ಹುಡುಕಿ ನೋಡಿಕೊಳ್ಳಿ.

ಚಿತ್ರಮಂದಿರದಲ್ಲಿ ನಮ್ಮ ಭಾಷೆಯ ಸಿನಿಮಾ ಬಂದರೆ ತಪ್ಪಿಸಬೇಡಿ. ಸಾಮಾನ್ಯವಾಗಿ ವಾರಾಂತ್ಯದಲ್ಲಿ ಒಂದೋ ಎರಡೋ ಆಟ ಇರುತ್ತವೆ. ಹೊರದೇಶಗಳ ಹಲವು ಚಿತ್ರಮಂದಿರಗಳಲ್ಲಿ ಮಧ್ಯಂತರಕ್ಕೆ ನಿಲ್ಲಿಸುವುದಿಲ್ಲ, ತೆರೆಯ ಮೇಲೆ ಆ ಪದ ಬಂದು ಹೋಗುತ್ತದೆ ಅಷ್ಟೆ. ಹಾಗಾಗಿ ಇಪ್ಪತ್ತು ನಿಮಿಷ ಮೊದಲೇ ಹೋಗಿ, ಮುಗಿದ ಮೇಲೂ ಸ್ವಲ್ಪ ಹೊತ್ತು ನಿಲ್ಲಿ. ಮನೆ ಬಾಡಿಗೆ, ವೈದ್ಯರು, ಕೆಲಸದ ಸುಳಿವು, ಎಲ್ಲವೂ ಅಲ್ಲಿ ಬಾಗಿಲ ಬಳಿಯ ಮಾತಿನಲ್ಲಿ ಸಿಗುತ್ತವೆ.

ಅಲ್ಲಿನ ಭಾಷೆ ಕಿವಿಗೆ ಹತ್ತುತ್ತಿಲ್ಲ ಎಂದೂ ಬರೆದಿದ್ದೀರಿ. ಅದಕ್ಕೂ ಸಿನಿಮಾ ಆಗುತ್ತದೆ, ಆದರೆ ಸಬ್‌ಟೈಟಲ್ ಆ ಭಾಷೆಯದೇ ಇರಬೇಕು. 2009ರಲ್ಲಿ ಮಿಟ್ಟರರ್ ಮತ್ತು ಮೆಕ್ವೀನ್ ಎಂಬ ಸಂಶೋಧಕರು ಡಚ್ ಭಾಷಿಕರಿಗೆ ಸ್ಕಾಟಿಷ್ ಮತ್ತು ಆಸ್ಟ್ರೇಲಿಯನ್ ಉಚ್ಚಾರಣೆಯ ಇಂಗ್ಲಿಷ್ ದೃಶ್ಯಗಳನ್ನು ತೋರಿಸಿ ಪರೀಕ್ಷಿಸಿದ್ದರು. ಇಂಗ್ಲಿಷ್ ಸಬ್‌ಟೈಟಲ್ ಇದ್ದವರಿಗೆ ಆಮೇಲೆ ಆ ಉಚ್ಚಾರಣೆ ಚೆನ್ನಾಗಿ ತಿಳಿಯಿತು, ತಾಯ್ನುಡಿಯ ಸಬ್‌ಟೈಟಲ್ ಓದಿದವರಿಗೆ ಅದು ಅಡ್ಡಿಯಾಯಿತು. ಹತ್ತು ನಿಮಿಷದ ಒಂದು ದೃಶ್ಯ ಆರಿಸಿ, ಒಮ್ಮೆ ಸಬ್‌ಟೈಟಲ್ ಇಟ್ಟು, ಒಮ್ಮೆ ತೆಗೆದು ನೋಡಿ, ಆಮೇಲೆ ಮೂರು ವಾಕ್ಯ ಜೋರಾಗಿ ಹೇಳಿ. ಹೊಡೆದಾಟ, ಕೋರ್ಟು ಬೇಡ. ಮನೆ, ಕಚೇರಿ, ಜಗಳ, ರಾಜಿ ಇರುವಂಥದ್ದು ಇರಲಿ. ಡಬ್ ಆದದ್ದನ್ನು ಬಿಡಿ, ಅದರಲ್ಲಿ ಕೇಳುವ ಮಾತಿಗೂ ಕೆಳಗಿನ ಸಾಲಿಗೂ ಬಹಳ ಸಲ ಹೊಂದಿಕೆ ಇರುವುದಿಲ್ಲ.

ಇನ್ನು ಪತ್ರದ ವಿಷಯ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್‌ಗಾರ್ಡ್ ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿ ಬಂದ ಸುಮಾರು 200 ನಾರ್ವೆಯವರನ್ನು ಮಾತಾಡಿಸಿ 1955ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರಿಗೇ ಹೆಚ್ಚು ಕಷ್ಟವಾಗಿತ್ತು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲರಿಗೂ ಇದೇ ಏರಿಳಿತ ಕಂಡಿಲ್ಲ ನಿಜ. ಆದರೂ ನೀವಿರುವುದು ಎಂಟನೆಯ ತಿಂಗಳಲ್ಲಿ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬೇಡವಾಗಿರುವುದು ಈ ವೃತ್ತಿಯೋ, ಈ ಕಚೇರಿಯೋ, ಈ ದೇಶವೋ? ಪತ್ರವನ್ನು ಬೆಳಗ್ಗೆ ಓದಿ, ಒಂದೊಂದು ದೂರಿನ ಮುಂದೆಯೂ ಈ ಮೂರರಲ್ಲಿ ಒಂದನ್ನು ಗುರುತು ಹಾಕಿ. ಕಚೇರಿ ಎಂಬ ಗುರುತೇ ಹೆಚ್ಚಾಗಿದ್ದರೆ ವೃತ್ತಿ ಬದಲಿಸುವ ಅಗತ್ಯವೇ ಇರಲಿಕ್ಕಿಲ್ಲ.

ಸಿನಿಮಾ ಕೊಡುವ ಧೈರ್ಯ ಸುಳ್ಳಲ್ಲ, ಅದಕ್ಕೆ ಆಯುಸ್ಸು ಕಡಿಮೆ. ನಾಯಕಿ ಕೆಲಸ ಬಿಡುತ್ತಾಳೆ, ಒಂದು ಹಾಡು ಬರುತ್ತದೆ, ಹಾಡು ಮುಗಿಯುವಾಗ ಅವಳದೇ ಅಂಗಡಿ ತೆರೆದಿರುತ್ತದೆ. ಆ ನಾಲ್ಕು ನಿಮಿಷದ ಹಾಡಿನೊಳಗೆ ಎರಡು ವರ್ಷ ಅಡಗಿ ಕೂತಿದೆ. ನೀವು ನೋಡಿದ ಸಿನಿಮಾದಲ್ಲೂ ಇಂಥ ಜಾಗ ಇದ್ದೇ ಇರುತ್ತದೆ. ಒಂದು ಹಾಳೆ ತೆಗೆದುಕೊಂಡು, ಅಲ್ಲಿ ತೋರಿಸದೆ ಬಿಟ್ಟದ್ದನ್ನು ನಿಮ್ಮ ಮಟ್ಟಿಗೆ ಬರೆಯಿರಿ: ಬಾಡಿಗೆ ಯಾರು ಕಟ್ಟಿದರು, ಕಲಿಯಲು ಎಷ್ಟು ತಿಂಗಳು ಹಿಡಿಯಿತು, ಅನುಮತಿ ಎಲ್ಲಿಂದ ಬಂತು, ಆರೋಗ್ಯ ವಿಮೆ ಏನಾಯಿತು.

ಅನುಮತಿಯನ್ನು ಮೊದಲು ನೋಡಿ. ಎಷ್ಟೋ ವೀಸಾಗಳು ಒಬ್ಬ ಉದ್ಯೋಗದಾತರಿಗೇ ಕಟ್ಟಿರುತ್ತವೆ, ರಾಜೀನಾಮೆ ಕೊಟ್ಟರೆ ದಿನ ಎಣಿಸಬೇಕು. ಅಮೆರಿಕದ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಕೆಲಸ ನಿಂತ ಮೇಲೆ ಹೆಚ್ಚೆಂದರೆ 60 ದಿನ, ಆಸ್ಟ್ರೇಲಿಯಾದ ಪ್ರಾಯೋಜಿತ ಕೆಲಸದ ವೀಸಾದಲ್ಲಿ 2024ರ ಜುಲೈಯಿಂದ ಒಮ್ಮೆಗೆ 180 ದಿನ. ನಿಮ್ಮ ವೀಸಾ ಪತ್ರದಲ್ಲಿ ನಾಲ್ಕು ವಿಷಯ ಹುಡುಕಿ: ಉದ್ಯೋಗದಾತರ ಹೆಸರಿದೆಯೇ, ಬೇರೆ ವೃತ್ತಿಗೆ ಅವಕಾಶವಿದೆಯೇ, ಸ್ವಂತ ಉದ್ಯೋಗ ಮಾಡಬಹುದೇ, ಓದಬಹುದೇ. ಸಂಬಳವಿಲ್ಲದೆ ಮಾಡಿಕೊಟ್ಟದ್ದನ್ನೂ ಕೆಲಸವೆಂದೇ ಲೆಕ್ಕ ಹಿಡಿಯುವ ನಿಯಮಗಳಿವೆ. ಸ್ನೇಹಿತರ ಅಂಗಡಿಯಲ್ಲಿ ಸುಮ್ಮನೆ ಕೂತು ಕಲಿಯುತ್ತೇನೆ ಎನ್ನುವವರು ಸಿಕ್ಕಿಕೊಳ್ಳುವುದು ಇಲ್ಲೇ.

ಆಮೇಲೆ ಕೆಲಸದ ಕರಾರು. ನೋಟಿಸ್ ಅವಧಿ ಎಷ್ಟು, ನಿಮ್ಮನ್ನು ಕರೆಸಿಕೊಂಡ ಖರ್ಚನ್ನು ಇಂತಿಷ್ಟು ತಿಂಗಳೊಳಗೆ ಬಿಟ್ಟರೆ ಹಿಂದಿರುಗಿಸಬೇಕು ಎಂಬ ಷರತ್ತಿದೆಯೇ ನೋಡಿ. ಇದ್ದರೆ, ಒಂದೆರಡು ತಿಂಗಳು ತಡೆಯುವುದರಿಂದಲೇ ದೊಡ್ಡ ಮೊತ್ತ ಉಳಿಯಬಹುದು. ಹಣದ ಲೆಕ್ಕಕ್ಕೆ ತಿಂಗಳ ಖರ್ಚನ್ನು ಆರರಿಂದ ಗುಣಿಸಿ, ಮನೆಮಂದಿಗೆಲ್ಲ ಊರಿಗೆ ಹಿಂದಿರುಗುವ ಟಿಕೆಟ್ ಸೇರಿಸಿ. ಊರಿಗೆ ಕಳಿಸುವ ಹಣವನ್ನು ಖರ್ಚಿನಲ್ಲಿ ಹಿಡಿಯಲು ಬಹಳ ಜನ ಮರೆಯುತ್ತಾರೆ, ಮೂರನೆಯ ತಿಂಗಳಲ್ಲಿ ಕೈ ಕಟ್ಟುವುದು ಅದೇ. ಹೊಸ ವೃತ್ತಿಗೆ ನಿಮ್ಮ ಪದವಿಯ ಮಾನ್ಯತೆ ಬೇಕಾದರೆ ಆ ಅರ್ಜಿಯನ್ನು ಸಂಬಳ ಬರುತ್ತಿರುವಾಗಲೇ ಹಾಕಿ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಈ ನಡುವೆ, ನೀವು ಹೋಗಬೇಕೆಂದಿರುವ ವೃತ್ತಿಯಲ್ಲಿ ಇರುವ ಮೂವರನ್ನು ಮಾತಾಡಿಸಿ. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಕಳೆದ ಮಂಗಳವಾರ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ ಎಂದು ಕೇಳಿ. ವೀಸಾದಲ್ಲಿ ಓದಲು ಅಡ್ಡಿಯಿಲ್ಲದಿದ್ದರೆ ಆರೆಂಟು ವಾರದ ಸಂಜೆ ತರಗತಿಗೆ ಸೇರಿ. ದಣಿದು ಬಂದ ಸಂಜೆಯೂ ಹೋಗಬೇಕು ಅನಿಸುತ್ತಿದ್ದರೆ ಆ ಆಸೆಯನ್ನು ನಂಬಬಹುದು.

ಸಿನಿಮಾ ಮುಗಿದ ರಾತ್ರಿ ಊರಿಗೆ ಫೋನ್ ಮಾಡಿ ನಿರ್ಧಾರ ಮಾಡಿಬಿಟ್ಟೆ ಎನ್ನಬೇಡಿ, ಕಚೇರಿಯಲ್ಲಿ ಬಾಯಿಮಾತಿಗೂ ಹೇಳಬೇಡಿ. ಒಮ್ಮೆ ಹೇಳಿದ ಮೇಲೆ ಲೆಕ್ಕ ಬದಲಾದರೂ ಹಿಂದೆ ಸರಿಯಲು ಅಭಿಮಾನ ಬಿಡುವುದಿಲ್ಲ. ಹುರುಪು ಬಂದ ರಾತ್ರಿ ಮರುದಿನಕ್ಕೆ ಒಂದೇ ಒಂದು ಸಣ್ಣ ಕೆಲಸ ಬರೆದಿಟ್ಟು ಮಲಗಿ, ಒಂದು ಫೋನ್ ಕರೆಯೋ ಒಂದು ಅರ್ಜಿಯೋ.

ಒಂದನ್ನು ಮಾತ್ರ ಮುಂದೂಡಬೇಡಿ. ಎರಡು ವಾರ ಸತತವಾಗಿ ನಿದ್ದೆ, ಊಟ ಕೆಟ್ಟು, ಸಿನಿಮಾ ಕೂಡ ಹಿಡಿಸದಂತಾದರೆ ವೃತ್ತಿಯ ಯೋಚನೆ ಬದಿಗಿಟ್ಟು ವೈದ್ಯರನ್ನು ನೋಡಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ.

ವೀಸಾ ಯಾವ ಬಗೆಯದು, ನೋಟಿಸ್ ಎಷ್ಟು ದಿನ, ಹೋಗಬೇಕೆಂದಿರುವ ವೃತ್ತಿ ಯಾವುದು ಎಂದು ತಿಳಿಸಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಹಾಕಬೇಡಿ. ಅದನ್ನು ನೋಡಿ ಯಾವ ಅರ್ಜಿ ಮೊದಲು, ಯಾವುದು ಆಮೇಲೆ ಎಂದು ಹೇಳಬಹುದು.